‘ಇತರೆ’ಗೆ ಸೇರಿಹೋದ ಸಮಾಜವಾದಿಗಳು

ಚುನಾವಣಾ ಫಲಿತಾಂಶದ ಡೆಸ್ಕಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ: ಈ ಕೆಲಸದಲ್ಲಿ ಭಾನುವಾರ ಎಂಬುದು ಇರುವುದಿಲ್ಲ. ಯುರೋಪಿನ ಬಹುಪಾಲು ದೇಶಗಳಲ್ಲಿ ಜನ ವೋಟು ಹಾಕುವುದು ಭಾನುವಾರ. ಅಲ್ಲಿ ರಾತ್ರಿ ಎಂಟಕ್ಕೆ ಮತಗಟ್ಟೆಯ ಬಾಗಿಲು ಮುಚ್ಚಿದರೆ ನಮ್ಮ ಸಿಯಾಟಲ್‌ನಲ್ಲಿ ಬೆಳಿಗ್ಗೆ ಹನ್ನೊಂದು. ಮಿಲ್ ಕ್ರೀಕ್‌ನ ನಮ್ಮ ಬೀದಿಯವರೆಲ್ಲ ದೋಸೆ ತಿಂದು ಮಕ್ಕಳನ್ನು ಸಾಕರ್‌ಗೆ ಕರೆದುಕೊಂಡು ಹೋಗುವ ಹೊತ್ತಿಗೆ ನಾನು ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಆಫೀಸಿಗೆ ಹೊರಡುತ್ತಿದ್ದೆ. ಹದಿನೇಳು ವರ್ಷ ಹೀಗೇ ನಡೆಯಿತು.

ನಮ್ಮದು ಚಿಕ್ಕ ಕಂಪನಿ. ಊರೂರಿನ ಚುನಾವಣೆಯ ಎಣಿಕೆಯನ್ನು ಒಟ್ಟುಮಾಡಿ, ಸರಿನೋಡಿ, ಪತ್ರಿಕೆಗಳಿಗೂ ಟೀವಿಯವರಿಗೂ ಕೊಡುವುದು ನಮ್ಮ ಕಸುಬು. ನನ್ನ ಪಾಲಿಗೆ ಬಂದದ್ದು ಯುರೋಪಿನ ಪ್ರಾಂತೀಯ ಚುನಾವಣೆಗಳು. ಪ್ರಾಂತ್ಯ ಅಂದರೆ ನಮ್ಮ ರಾಜ್ಯಕ್ಕಿಂತ ಕೊಂಚ ಚಿಕ್ಕದು, ಜಿಲ್ಲೆಗಿಂತ ದೊಡ್ಡದು ಅಂದುಕೊಳ್ಳಿ. ಪ್ರಧಾನಮಂತ್ರಿ ಯಾರಾಗುತ್ತಾರೆ ಎಂಬುದು ಅಲ್ಲಿ ತೀರ್ಮಾನವಾಗುವುದಿಲ್ಲ. ಬಸ್ಸು ಯಾವ ಊರಿಗೆ ಹೋಗಬೇಕು, ಯಾವ ಆಸ್ಪತ್ರೆ ಮುಚ್ಚಬೇಕು, ಹೈಸ್ಕೂಲಿನ ಛಾವಣಿ ಯಾವಾಗ ರಿಪೇರಿ ಆಗಬೇಕು, ಇಂಥದ್ದು ಆಗುತ್ತದೆ. ಹಾಗಾಗಿ ಆಫೀಸಿನಲ್ಲಿ ಯಾರಿಗೂ ಬೇಡವಾದ ಡೆಸ್ಕು ಅದು. ನನಗೆ ಮಾತ್ರ ಅದೇ ಇಷ್ಟವಾಯಿತು.

ನಿವೃತ್ತಿಯಾಗಿ ಎಂಟು ತಿಂಗಳಾಯಿತು. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂದು ಬರೆದರೆ ನನ್ನ ಗಂಡನೂ ಓದುವುದಿಲ್ಲ. ನಾನು ಬರೆಯಲು ಕೂತದ್ದು ಮುಖ್ಯವಾಗಿ ಒಂದು ಭಾನುವಾರದ ಸಲುವಾಗಿ. ಅವತ್ತು ನನ್ನ ಪಕ್ಕದ ಕುರ್ಚಿಯ ನಸ್ರೀನ್‌ಳ ಕೆಲಸ ಹೋಗುವುದರಲ್ಲಿತ್ತು. ಕೆಲಸ ಹೋಗಿದ್ದರೆ ಅವಳ ಸಂಸಾರ ಈ ದೇಶವನ್ನೇ ಬಿಡಬೇಕಾಗಿತ್ತು. ಆ ದಿನದ ಕಥೆ ಹೇಳುವ ಮೊದಲು ಕೆಲಸ ಹೇಗಿತ್ತು ಅಂತ ತಿಳಿಸಬೇಕು, ಇಲ್ಲದಿದ್ದರೆ ತಲೆಬುಡ ಅರ್ಥವಾಗುವುದಿಲ್ಲ.

ಸೇರಿದ ಹೊಸದರಲ್ಲಿ ನಾನು ಮಾಡಿದ ಘನಕಾರ್ಯ ಕೇಳಿ. ಒಂದು ದೇಶದ ಪ್ರಾಂತ್ಯಗಳ ನಕಾಶೆಗೆ ಬಣ್ಣ ತುಂಬಬೇಕಿತ್ತು. ಸಂಪ್ರದಾಯವಾದಿ ಪಕ್ಷ ಗೆದ್ದ ಕಡೆ ಕೆಂಪು ಬಳಿದೆ, ಸಮಾಜವಾದಿಗಳು ಗೆದ್ದ ಕಡೆ ನೀಲಿ. ಅಮೆರಿಕದಲ್ಲಿ ಬಲಪಂಥಕ್ಕೆ ಕೆಂಪು ಹಚ್ಚುತ್ತಾರಲ್ಲ, ನಾಲ್ಕು ವರ್ಷ ಇಲ್ಲಿನ ಟೀವಿ ನೋಡಿ ಕಣ್ಣು ಹಾಗೇ ಪಳಗಿಬಿಟ್ಟಿತ್ತು. ನಮ್ಮ ತಂದೆ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಮೇ ಒಂದರಂದು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಂಪು ಬಾವುಟದ ಮೆರವಣಿಗೆಗೆ ಹೋಗುತ್ತಿದ್ದರು. ಅಂಥವರ ಮಗಳು ಸಮಾಜವಾದಿಗಳಿಗೆ ನೀಲಿ ಬಳಿದಳು! ನಕಾಶೆ ಒಂದು ಪತ್ರಿಕೆಯ ವೆಬ್‌ಸೈಟಿನಲ್ಲಿ ಇಪ್ಪತ್ತು ನಿಮಿಷ ಹಾಗೇ ಇತ್ತು. ಅಲ್ಲಿನ ಸಂಪಾದಕ ಫೋನ್ ಮಾಡಿ, ನಿಮ್ಮ ನಕಾಶೆಯ ಪ್ರಕಾರ ಸೋತವರೆಲ್ಲ ಗೆದ್ದಿದ್ದಾರೆ, ಅವರಿಗೆ ನಾನೇ ಹೋಗಿ ಅಭಿನಂದನೆ ಹೇಳಬೇಕೋ ನೀವು ಹೇಳುತ್ತೀರೋ ಎಂದು ಕೇಳಿದ. ಒಂದು ವಾರ ನನಗೆ ಆಫೀಸಿನಲ್ಲಿ ತಲೆ ಎತ್ತಲಾಗಲಿಲ್ಲ.

ನನ್ನ ಮೇಲಧಿಕಾರಿ ಕ್ಯಾರೊಲ್. ಮರ್ಸರ್ ಐಲ್ಯಾಂಡಿನ ಹಳೇ ಮನೆಯಲ್ಲಿ ಒಬ್ಬರೇ ಇದ್ದರು. ಬೈಯುವಾಗ ದನಿ ಏರಿಸುತ್ತಿರಲಿಲ್ಲ, ಇನ್ನೂ ತಗ್ಗಿಸುತ್ತಿದ್ದರು. ಅದೇ ಜಾಸ್ತಿ ಭಯ ಹುಟ್ಟಿಸುತ್ತಿತ್ತು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ನಾನು ನಮ್ಮ ಮಾತಿಗೆ ಇಳಿಸಿ ಬರೆಯುತ್ತಿದ್ದೇನೆ. ಶಕುಂತಲಾ ಎಂಬ ನನ್ನ ಹೆಸರು ಅವರ ನಾಲಿಗೆಗೆ ಹತ್ತಲೇ ಇಲ್ಲ, ಶಕೂ ಅನ್ನುತ್ತಿದ್ದರು. ಬಣ್ಣದ ಪ್ರಕರಣ ಆದಾಗ ಹತ್ತಿರ ಬಂದು, ‘ಶಕೂ, ಇಲ್ಲಿ ನೀನು ಯಾವ ದೇಶದವಳೂ ಅಲ್ಲ. ಓಟು ಹಾಕಿದವರು ಯಾವ ದೇಶದವರೋ ಅವತ್ತು ನೀನು ಆ ದೇಶದವಳು’ ಎಂದು ಹೋದರು.

ಅವರದ್ದೇ ಒಂದಷ್ಟು ಕಟ್ಟಳೆಗಳಿದ್ದವು. ‘ಅಲೆ’ ಅನ್ನಬಾರದು. ‘ಧೂಳೀಪಟ’ ಅನ್ನಬಾರದು. ಮೂರು ಪ್ರಾಂತ್ಯಗಳಲ್ಲಿ ಸೀಟು ಹೆಚ್ಚಾದರೆ, ಮೂರು ಪ್ರಾಂತ್ಯಗಳಲ್ಲಿ ಸೀಟು ಹೆಚ್ಚಾಗಿವೆ ಅಂತಲೇ ಬರೆಯಬೇಕು. ಯಾರು ಗೆದ್ದರೂ ಡೆಸ್ಕಿನಲ್ಲಿ ಮುಖ ಅರಳಿಸಬಾರದು. ಇದು ಬಹಳ ಕಷ್ಟ. ಅಪ್ಪನ ಹೆಗಲ ಮೇಲೆ ಕೂತವಳು ನಾನು, ಸಮಾಜವಾದಿಗಳು ಎಲ್ಲಾದರೂ ಚೇತರಿಸಿಕೊಂಡರೆ ಒಳಗೊಳಗೇ ಖುಷಿಯಾಗುತ್ತಿತ್ತು. ಆವಾಗೆಲ್ಲ ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬರುತ್ತಿದ್ದೆ. ಇನ್ನೊಂದು ಕಡೆ ನಮ್ಮ ಕನ್ನಡದವರು ಮನೆಗೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ಕಿನಲ್ಲಿ ‘ಸೋಷಿಯಲಿಸ್ಟ್’ ಅಂದರೆ ಸಾಕು, ಯಾರಾದರೂ ಬಿಸಿಬೇಳೆಬಾತಿನ ಸೌಟು ಹಿಡಿದುಕೊಂಡೇ, ‘ಅಯ್ಯೋ, ನಮ್ ಟ್ಯಾಕ್ಸ್ ಜಾಸ್ತಿ ಆಗುತ್ತೇನ್ರೀ?’ ಅನ್ನುತ್ತಿದ್ದರು. ಅವರು ಗೆದ್ದಿರೋದು ಆರು ಸಾವಿರ ಮೈಲಿ ದೂರದ ಒಂದು ಪ್ರಾಂತ್ಯದಲ್ಲಿ ಕಣ್ರೀ, ನೀವು ಊಟ ಮಾಡಿ ಅನ್ನುತ್ತಿದ್ದೆ.

ಮೊದಮೊದಲು ಚಿಕ್ಕ ಪ್ರಾಂತ್ಯಗಳಿಂದ ಎಣಿಕೆ ಫ್ಯಾಕ್ಸಿನಲ್ಲಿ ಬರುತ್ತಿತ್ತು, ಅದೂ ಕೈಬರಹದಲ್ಲಿ. ಅಲ್ಲಿಯವರು ಒಂದನ್ನು ಬರೆಯುವಾಗ ತಲೆಯಿಂದ ಉದ್ದಕ್ಕೊಂದು ಗೆರೆ ಇಳಿಬಿಡುತ್ತಾರೆ. ನಮ್ಮ ಕಣ್ಣಿಗೆ ಅದು ಏಳು. ಅವರ ಏಳಿಗೆ ಸೊಂಟದಲ್ಲಿ ಅಡ್ಡಗೆರೆ ಇರುತ್ತದೆ. ಇದು ಗೊತ್ತಾಗುವುದರೊಳಗೆ ನಾನು ಒಂದು ಕಡೆ ಸಮಾಜವಾದಿಗಳ ಹನ್ನೊಂದು ಸೀಟುಗಳನ್ನು ಎಪ್ಪತ್ತೇಳು ಮಾಡಿದ್ದೆ. ಆ ಸಭೆಯಲ್ಲಿ ಅಷ್ಟು ಕುರ್ಚಿಗಳೇ ಇರಲಿಲ್ಲ. ಪುಣ್ಯಕ್ಕೆ ಕಳಿಸುವ ಮೊದಲೇ ಕಣ್ಣಿಗೆ ಬಿತ್ತು.

ಆಮೇಲಿಂದ ನಾನು ಮೈಸೂರಿನ ಪದ್ಧತಿಯನ್ನು ಇಲ್ಲಿಗೂ ತಂದೆ. ಊರಿನಲ್ಲಿ ಹೈಸ್ಕೂಲ್ ಮೇಷ್ಟ್ರಮ್ಮನಾಗಿದ್ದಾಗ ಎರಡು ಸಲ ನನಗೆ ಎಣಿಕೆ ಡ್ಯೂಟಿ ಬಿದ್ದಿತ್ತು. ಮತಪತ್ರದ ಕಾಲ. ನಮ್ಮ ಮೇಜಿನ ಮೇಲ್ವಿಚಾರಕರು ಹಠಮಾರಿ ಮನುಷ್ಯ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟಿಕ್ ಹಾಕಬೇಕು, ಮುಗಿದ ಮೇಲೆ ಜಾಗ ಬದಲಾಯಿಸಿಕೊಂಡು ಮತ್ತೆ ಮೊದಲಿಂದ. ಕಣ್ಣು ತನಗೆ ಬೇಕಾದ್ದನ್ನು ನೋಡುತ್ತೆ ಕಣಮ್ಮ, ಬಾಯಿ ಇದ್ದದ್ದನ್ನೇ ಹೇಳುತ್ತೆ ಅನ್ನುತ್ತಿದ್ದರು. ಅದನ್ನೇ ಸಿಯಾಟಲ್‌ನಲ್ಲೂ ಶುರುಮಾಡಿದೆ. ನಸ್ರೀನ್ ಬಂದ ಮೇಲೆ ನಮ್ಮ ಓದು ಕನ್ನಡದಲ್ಲೇ ನಡೆಯುತ್ತಿತ್ತು. ಏಷ್ಯಾ ಡೆಸ್ಕಿನವರು ನಾವು ಏನೋ ಸ್ತೋತ್ರ ಹೇಳುತ್ತಿದ್ದೇವೆ ಅಂದುಕೊಂಡಿದ್ದರಂತೆ.

ನಸ್ರೀನ್ ಬೆಂಗಳೂರಿನ ಹುಡುಗಿ, ನಮ್ಮ ಡೆಸ್ಕಿನ ಪ್ರೋಗ್ರಾಮರ್. ಗಂಡ ಇಮ್ರಾನ್, ಆರು ವರ್ಷದ ಮಗಳು ಝೋಯಾ. ಮನೆ ಡುವಾಲ್‌ನಲ್ಲಿ. ಚಳಿಗಾಲದಲ್ಲಿ ಹೊಳೆ ಉಕ್ಕಿ ಕಣಿವೆಯ ರಸ್ತೆ ಮುಚ್ಚಿದರೂ ಸುತ್ತುಹಾಕಿಕೊಂಡು ಹನ್ನೊಂದಕ್ಕೆ ಐದು ನಿಮಿಷ ಮುಂಚೆಯೇ ಹಾಜರಾಗುತ್ತಿದ್ದಳು. ಮೊದಲ ದಿನ ನನ್ನ ಎದುರು ಅಂಕಿ ಓದಿ, ‘ಆಂಟಿ, ಸ್ಕೂಲಲ್ಲಿ ಮಗ್ಗಿ ಒಪ್ಪಿಸ್ದಂಗಾಯ್ತು’ ಅಂದಳು. ‘ಒಪ್ಸು, ತಪ್ಪಿದ್ರೆ ಕಿವಿ ಹಿಂಡ್ತೀನಿ’ ಅಂದೆ. ಅಲ್ಲಿಂದ ಜೋಡಿಯಾದೆವು.

ಬರಬರುತ್ತ ವಿಧಾನ ಬದಲಾಯಿತು. ಫ್ಯಾಕ್ಸು ಹೋಯಿತು. ಪ್ರಾಂತ್ಯಗಳ ಅಂಕಿಗಳನ್ನು ನಸ್ರೀನ್ ಬರೆದ ಪ್ರೋಗ್ರಾಂ ತಾನೇ ಎಳೆದುಕೊಂಡು ಪತ್ರಿಕೆಗಳಿಗೆ ನೇರವಾಗಿ ಕಳಿಸತೊಡಗಿತು. ಜತೆಗೆ ಒಂದು ಸಾಲಿನ ಸುದ್ದಿಯನ್ನೂ ತಾನೇ ಬರೆಯುತ್ತಿತ್ತು. ನಮ್ಮ ಓದು ಈಗ ಕಳಿಸಿದ ಮೇಲೆ ನಡೆಯಬೇಕು. ನನಗದು ಸರಿಬರಲಿಲ್ಲ, ಆದರೆ ಕೇಳುವವರಾರು? ಕೈಯಲ್ಲಿ ಮಾಡುವ ಒಂದೇ ಒಂದು ಕೆಲಸ ಉಳಿದಿತ್ತು: ಪಕ್ಷಗಳ ಪಟ್ಟಿ. ಅಲ್ಲಿ ಪ್ರತಿ ಪ್ರಾಂತ್ಯದಲ್ಲೂ ಪಕ್ಷಗಳಿಗೆ ಬೇರೆ ಬೇರೆ ಹೆಸರು. ಈ ಹೆಸರಿನವರು ಸಮಾಜವಾದಿಗಳು, ಆ ಹೆಸರಿನವರು ಸಂಪ್ರದಾಯವಾದಿಗಳು, ಇವರು ಹಸಿರಿನವರು, ಯಾವುದಕ್ಕೂ ಸೇರದವರು ‘ಇತರೆ’ ಎಂದು ಒಂದೊಂದೇ ಸಾಲಾಗಿ ನಾನು ಒಂದು ಶೀಟಿನಲ್ಲಿ ಬರೆದಿಟ್ಟಿದ್ದೆ. ಪ್ರೋಗ್ರಾಂ ಆ ಶೀಟನ್ನು ನೋಡಿಯೇ ಕೂಡುತ್ತಿತ್ತು. ಆ ಶೀಟಿಗೆ ನನ್ನ ಹೊರತು ಯಾರೂ ಕೈ ಹಚ್ಚುತ್ತಿರಲಿಲ್ಲ. ನನಗೆ ಅದರ ಬಗ್ಗೆ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ನಾನು ನಿವೃತ್ತಿಯಾಗುವ ವರ್ಷ ನಸ್ರೀನ್‌ಳಿಂದ ಒಂದು ತಪ್ಪಾಯಿತು. ನಾವು ಚುಕ್ಕಿ ಇಡುವ ಕಡೆ ಯುರೋಪಿನವರು ಅಲ್ಪವಿರಾಮ ಇಡುತ್ತಾರೆ. ಇಪ್ಪತ್ತೆಂಟೂವರೆಯನ್ನು ಅವಳ ಪ್ರೋಗ್ರಾಂ ಇನ್ನೂರ ಎಂಬತ್ತೈದು ಎಂದು ಓದಿಬಿಟ್ಟಿತು. ನೂರಕ್ಕೆ ಇನ್ನೂರ ಎಂಬತ್ತೈದು ಮತ ಬಂದ ಪಕ್ಷವನ್ನು ಕಂಡು ಓದುಗರು ನಕ್ಕರು, ಹೆಡ್ಡಾಫೀಸಿನವರು ನಗಲಿಲ್ಲ. ಆಗಲೇ ಅವರು ಜನರನ್ನು ತೆಗೆಯಲು ನೆವ ಹುಡುಕುತ್ತಿದ್ದರು. ಕ್ಯಾರೊಲ್ ಅವಳನ್ನು ಕರೆದು, ತಮ್ಮ ತಗ್ಗಿದ ದನಿಯಲ್ಲಿ, ‘ಇನ್ನೊಂದು ಸಲ ಹೀಗಾದರೆ ನಾನು ನಿನ್ನನ್ನು ಉಳಿಸಲಾರೆ’ ಅಂದರು. ಇಮ್ರಾನ್‌ಗೆ ಅದಕ್ಕೂ ಎರಡು ತಿಂಗಳ ಹಿಂದೆ ಕೆಲಸ ಹೋಗಿತ್ತು. ಮೂವರ ವೀಸಾನೂ ನಸ್ರೀನ್‌ಳ ಕೆಲಸದ ಮೇಲೆ ನಿಂತಿತ್ತು. ಅದು ಹೋದರೆ ಅರವತ್ತು ದಿನದಲ್ಲಿ ಬೇರೆ ಕೆಲಸ ಸಿಗಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು.

ಇನ್ನು ಆ ಭಾನುವಾರ. ದಕ್ಷಿಣ ಯುರೋಪಿನ ಒಂದು ದೇಶ. ಹೆಸರು ಬೇಡ, ಅವರದೇನೂ ತಪ್ಪಿರಲಿಲ್ಲ. ಒಂದೇ ದಿನ ಹನ್ನೆರಡು ಪ್ರಾಂತ್ಯಗಳಲ್ಲಿ ಮತದಾನ. ಸಮಾಜವಾದಿಗಳ ಕಥೆ ಮುಗಿಯಿತು ಎಂದು ಪತ್ರಿಕೆಗಳೆಲ್ಲ ಮೊದಲೇ ಬರೆದಿಟ್ಟಿದ್ದವು. ನಾನು ಮಾತ್ರ ಎರಡು ವಾರದಿಂದ ಆ ಪಕ್ಷಗಳ ಕರಪತ್ರಗಳನ್ನು ಓದುತ್ತಿದ್ದೆ. ಬೇರೆಯವರು ದೇಶ, ಧ್ವಜ, ಗಡಿ ಎಂದು ಗುಡುಗಿದ್ದರು. ಸಮಾಜವಾದಿಗಳ ಕರಪತ್ರದಲ್ಲಿ ಇದ್ದದ್ದು ನಿಂತುಹೋದ ಸಂಜೆಯ ಬಸ್ಸು, ಮುಚ್ಚಿದ ಹೆರಿಗೆ ವಾರ್ಡು, ಏರಿದ ಬಾಡಿಗೆ, ಅಷ್ಟೇ. ಯಾಕೋ ಇವರು ಎದ್ದು ನಿಲ್ಲುತ್ತಾರೆ ಅನ್ನಿಸಿತ್ತು.

ಹನ್ನೊಂದಕ್ಕೆ ಎಣಿಕೆ ಬರಲು ಶುರುವಾಯಿತು. ಹನ್ನೆರಡರ ಹೊತ್ತಿಗೆ ಐದು ಪ್ರಾಂತ್ಯಗಳಲ್ಲಿ ಅವರ ಸೀಟು ಹೆಚ್ಚಿತ್ತು. ನಾನು ಒಂದು ಸಲ ಮುಖ ತೊಳೆದು ಬಂದೆ. ಆಮೇಲೆ ಉತ್ತರದ ದೊಡ್ಡ ಪ್ರಾಂತ್ಯದ ಫಲಿತಾಂಶ ಬಂತು. ಸಮಾಜವಾದಿಗಳಿಗೆ ಸೊನ್ನೆ. ಪ್ರೋಗ್ರಾಂ ತಕ್ಷಣ ತನ್ನ ಒಂದು ಸಾಲಿನ ಸುದ್ದಿ ಬರೆದು ಕಳಿಸಿಯೂ ಆಯಿತು: ಸಮಾಜವಾದಿಗಳು ಉತ್ತರದಲ್ಲಿ ನಿರ್ನಾಮ, ಒಟ್ಟಾರೆ ಹಿನ್ನಡೆ.

ಐದೇ ನಿಮಿಷದಲ್ಲಿ ಫೋನು. ನಮ್ಮಿಂದ ಅಂಕಿ ಕೊಳ್ಳುವ ಅತಿ ದೊಡ್ಡ ಪತ್ರಿಕೆಯ ಸಂಪಾದಕಿ. ನನ್ನ ವರದಿಗಾರ ಸಮಾಜವಾದಿಗಳ ಕಚೇರಿಯ ಮುಂದೆ ನಿಂತಿದ್ದಾನೆ, ಒಳಗೆ ಹಾಡಿ ಕುಣಿಯುತ್ತಿದ್ದಾರೆ, ನೀವು ಸೊನ್ನೆ ಅನ್ನುತ್ತೀರಿ, ಇಬ್ಬರಲ್ಲಿ ಯಾರಿಗೆ ತಲೆ ಕೆಟ್ಟಿದೆ ಎಂದು ಕೇಳಿದಳು. ಕ್ಯಾರೊಲ್ ರೂಮಿನಿಂದ ಎದ್ದು ಬಂದರು. ನಸ್ರೀನ್‌ಳನ್ನೇ ನೋಡಿ, ‘ಮತ್ತೆ ನಿನ್ನ ಪ್ರೋಗ್ರಾಮಾ?’ ಅಂದರು. ಅವಳು ಹೌದೆಂದು ತಲೆಯಾಡಿಸಿದಳು. ಕ್ಯಾರೊಲ್ ವಾಪಸು ಹೋದರು.

‘ಆಂಟಿ, ನಾನೇ ಎಲ್ಲೋ ತಪ್ಪು ಮಾಡಿದೀನಿ. ಎಲ್ಲಿ ಅಂತ ಗೊತ್ತಾಗ್ತಿಲ್ಲ’ ಎಂದಳು ನಸ್ರೀನ್. ಕೋಡಿನ ಸಾಲುಗಳನ್ನು ಮೇಲಿಂದ ಕೆಳಕ್ಕೆ ಉರುಳಿಸುತ್ತಿದ್ದಳು.

‘ಕೋಡ್ ಆಮೇಲೆ ನೋಡು. ಮೊದ್ಲು ಓದು’ ಅಂದೆ.

ಓದತೊಡಗಿದಳು. ಸಂಪ್ರದಾಯವಾದಿಗಳು ಇಷ್ಟು, ಹಸಿರಿನವರು ಇಷ್ಟು, ಸಮಾಜವಾದಿಗಳು ಸೊನ್ನೆ. ‘ಇತರೆ...’ ಎಂದವಳು ತಡೆದಳು. ‘ಆಂಟಿ, ಇದೇನಿದು! ಇತರೆನೇ ಫಸ್ಟ್ ಬಂದಿದೆ.’

ನನಗೆ ತಟ್ಟನೆ ಒಂದು ಪತ್ರ ನೆನಪಾಯಿತು. ಎರಡು ವಾರದ ಹಿಂದೆ ಆ ಪ್ರಾಂತ್ಯದ ಚುನಾವಣಾ ಕಚೇರಿಯಿಂದ ಪತ್ರ ಬಂದಿತ್ತು. ಅಲ್ಲಿ ಸಮಾಜವಾದಿಗಳು ಒಂದು ಸ್ಥಳೀಯ ಪಕ್ಷದ ಜತೆ ಸೇರಿ ಹೊಸ ಹೆಸರಿನಲ್ಲಿ ಅಭ್ಯರ್ಥಿಗಳ ಒಂದೇ ಪಟ್ಟಿ ನಿಲ್ಲಿಸಿದ್ದಾರೆ ಎಂದು. ಎರಡು ಪಕ್ಷದ ಜಂಟಿ ಪಟ್ಟಿಯನ್ನು ಯಾರ ಲೆಕ್ಕಕ್ಕೆ ಹಾಕುವುದು, ಸೋಮವಾರ ಫೋನ್ ಮಾಡಿ ಕೇಳೋಣ ಎಂದು ಸದ್ಯಕ್ಕೆ ‘ಇತರೆ’ ಎಂದು ಬರೆದು, ಮರೆಯದಿರಲೆಂದು ಆ ಸಾಲಿಗೆ ಹಳದಿ ಬಣ್ಣ ಕೊಟ್ಟಿದ್ದೆ. ಸೋಮವಾರ ಪೂರ್ತಿ ನನ್ನ ಬೀಳ್ಕೊಡುಗೆಯ ಊಟಕ್ಕೆ ಹೋಳಿಗೆ ಎಲ್ಲಿಂದ ತರಿಸುವುದು ಎಂಬ ಚರ್ಚೆಯಲ್ಲಿ ಕಳೆಯಿತು. ಶುಕ್ರವಾರ ಶೀಟು ತೆರೆದಾಗ ಅಲ್ಲಲ್ಲಿ ಹಳದಿ ಕಂಡು, ಇದೇನು ಅಸಹ್ಯ ಎಂದು ಬಣ್ಣವನ್ನೆಲ್ಲ ಒಟ್ಟಿಗೆ ಅಳಿಸಿಹಾಕಿದ್ದೆ.

ನಸ್ರೀನ್‌ಳ ಪ್ರೋಗ್ರಾಂ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ಚುನಾವಣಾ ಕಚೇರಿಗೆ ಫೋನ್ ಹಚ್ಚಿದೆ. ಪಟ್ಟಿಯ ಮುಂದಾಳು ಸಮಾಜವಾದಿ, ಅವರ ಲೆಕ್ಕಕ್ಕೇ ಸೇರಿಸಿ ಅಂದರು. ನನ್ನ ಶೀಟು ತೆರೆದು ಆ ಒಂದು ಪದ ಬದಲಾಯಿಸಿದೆ. ಸಮಾಜವಾದಿಗಳು ಉತ್ತರದಲ್ಲಿ ಮೊದಲನೆಯವರಾದರು, ಒಟ್ಟು ಲೆಕ್ಕದಲ್ಲೂ ಏರಿದರು. ತಿದ್ದುಪಡಿ ಹೋಯಿತು. ಕ್ಯಾರೊಲ್ ಬಾಗಿಲಲ್ಲಿ ನಿಂತು, ‘ಸಿಕ್ಕಿತಾ?’ ಅಂದರು.

‘ಸರಿಹೋಯಿತು’ ಅಂದೆ.

‘ಅವಳ ತಪ್ಪನ್ನು ಹಿಡಿಯಲು ನೀನಿದ್ದೆ. ನೀನು ಹೋದ ಮೇಲೆ ಯಾರು?’ ಎಂದು ನಿಟ್ಟುಸಿರು ಬಿಟ್ಟು ಒಳಗೆ ಹೋದರು.

ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನಸ್ರೀನ್ ನನ್ನ ಕೈ ಹಿಡಿದು, ‘ಥ್ಯಾಂಕ್ಸ್ ಆಂಟಿ, ನೀವಿಲ್ದೇ ಇದ್ದಿದ್ರೆ...’ ಅಂದಳು. ಆಗಲೂ ಸುಮ್ಮನಿದ್ದೆ. ಇನ್ನು ಮೂರು ವಾರಕ್ಕೆ ಹೋಗುವವಳು, ಹದಿನೇಳು ವರ್ಷದ ಶೀಟು, ಹೋಗುವಾಗ ಒಳ್ಳೆಯ ಹೆಸರಿನೊಂದಿಗೆ ಹೋಗೋಣ ಎಂಬ ಆಸೆ. ಅವಳನ್ನು ಕ್ಯಾರೊಲ್ ಹೇಗೂ ತೆಗೆಯಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಚಿತ್ರಾನ್ನದ ಡಬ್ಬಿ ತೆರೆದೆ, ತಿನ್ನದೆ ಮುಚ್ಚಿದೆ. ನೀರು ತುಂಬಿಸಿಕೊಂಡು ಬರೋಣ ಎಂದು ಎದ್ದೆ.

ಕಾರಿಡಾರಿನಲ್ಲಿ ನಸ್ರೀನ್ ಗೋಡೆಗೆ ಮುಖಮಾಡಿ ಇಮ್ರಾನ್ ಜತೆ ಫೋನಿನಲ್ಲಿದ್ದಳು. ಮೈಸೂರಿನಲ್ಲಿ ಬೆಳೆದ ನನಗೆ ಅವರ ಉರ್ದು ಅಷ್ಟಿಷ್ಟು ಅರ್ಥವಾಗುತ್ತದೆ. ಝೋಯಾಗೆ ಈಗಲೇ ಏನೂ ಹೇಳಬೇಡ, ಅವಳ ಟೀಚರ್‌ಗೂ ಹೇಳಬೇಡ, ಬೆಂಗಳೂರಿನಲ್ಲಿ ವರ್ಷದ ನಡುವೆ ಯಾವ ಸ್ಕೂಲಿನವರು ಸೇರಿಸಿಕೊಳ್ಳುತ್ತಾರೆ ಅಂತ ಅಕ್ಕನನ್ನು ಕೇಳು ಅನ್ನುತ್ತಿದ್ದಳು. ನೀರಿನ ಬಾಟ್ಲಿಯನ್ನು ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ನೇರವಾಗಿ ಕ್ಯಾರೊಲ್ ರೂಮಿಗೆ ಹೋದೆ.

ಅವರು ಹೆಡ್ಡಾಫೀಸಿಗೆ ಮೇಲ್ ಬರೆಯುತ್ತಿದ್ದರು. ನಸ್ರೀನ್‌ಳ ಹೆಸರು ದೂರದಿಂದಲೇ ಕಾಣಿಸಿತು.

‘ಕ್ಯಾರೊಲ್, ಪ್ರೋಗ್ರಾಂ ಸರಿಯಾಗಿಯೇ ಇತ್ತು. ತಪ್ಪು ನನ್ನ ಶೀಟಿನದು’ ಎಂದು ಎಲ್ಲ ಹೇಳಿದೆ. ಹಳದಿ ಬಣ್ಣ, ಹೋಳಿಗೆ, ಯಾವುದನ್ನೂ ಬಿಡಲಿಲ್ಲ.

ಅವರು ಕನ್ನಡಕ ತೆಗೆದರು. ‘ನಿನಗೆ ಯಾವಾಗ ಗೊತ್ತಾಯಿತು?’

‘ಆವಾಗಲೇ. ಅವಳು ಓದಿದ ಕೂಡಲೇ.’

ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಬರೆದಿದ್ದನ್ನು ಪೂರ್ತಿ ಅಳಿಸಿ, ಕುರ್ಚಿಯಿಂದ ಎದ್ದು, ‘ಕೂತುಕೋ. ಇದನ್ನು ನೀನೇ ಬರೆ’ ಅಂದರು.

ಬರೆದೆ. ನಾಲ್ಕೇ ಸಾಲು, ಕೆಳಗೆ ನನ್ನ ಹೆಸರು. ಕಳಿಸುವ ಗುಂಡಿ ಒತ್ತಿದಾಗ ಅಳು ಬರಬಹುದು ಅಂದುಕೊಂಡಿದ್ದೆ, ಬದಲಿಗೆ ಹಸಿವಾಯಿತು. ಅಷ್ಟು ಹಗುರವಾದ ಹಸಿವನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. ಕ್ಯಾರೊಲ್ ನನ್ನ ಹೆಗಲು ತಟ್ಟಿ, ‘ನಿನ್ನ ಬೀಳ್ಕೊಡುಗೆಯ ಊಟ ರದ್ದಾಗುವುದಿಲ್ಲ. ನನ್ನ ಭಾಷಣದಲ್ಲಿ ಮಾತ್ರ ನಿನ್ನನ್ನು ಹೊಗಳಿದ ಒಂದು ವಾಕ್ಯ ತೆಗೆಯುತ್ತೇನೆ’ ಅಂದರು.

ನಸ್ರೀನ್‌ಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಪೂರ್ತಿ ಕೇಳಿಸಿಕೊಂಡಳು. ಪರದೆಯ ಕಡೆ ತಿರುಗಿ, ಉಳಿದ ಪ್ರಾಂತ್ಯಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ನಾನು ಟಿಕ್ ಹಾಕಿದೆ. ಹನ್ನೆರಡರಲ್ಲಿ ಒಂಬತ್ತು ಕಡೆ ಸಮಾಜವಾದಿಗಳ ಸೀಟು ಹೆಚ್ಚಿತ್ತು. ಹನ್ನೆರಡನೆಯದು ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

‘ಮೂವತ್ತೈದು ನಿಮಿಷ ಆಂಟಿ. ಮೂವತ್ತೈದು ನಿಮಿಷ ನಾನು ಮನೇಲಿರೋ ಸಾಮಾನೆಲ್ಲ ಮನಸ್ಸಲ್ಲೇ ಪ್ಯಾಕ್ ಮಾಡಿದೀನಿ. ಝೋಯಾ ಸೈಕಲ್ ಯಾರಿಗ್ ಕೊಡೋದು ಅಂತಾನೂ ಯೋಚ್ನೆ ಮಾಡಿದೀನಿ.’

‘ತಪ್ಪಾಯ್ತಮ್ಮ’ ಅಂದೆ.

ಅವಳು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ‘ಇಮ್ರಾನ್‌ಗೆ ಕಾಲ್ ಮಾಡ್ಬೇಕು’ ಎಂದು ಎದ್ದವಳು ನಗತೊಡಗಿದಳು. ನಿಲ್ಲಿಸಲಾಗದ ನಗು. ನಾನೂ ನಕ್ಕೆ. ಏಷ್ಯಾ ಡೆಸ್ಕಿನವರು ಕತ್ತೆತ್ತಿ ನೋಡಿದರು. ಫೋನು ಮುಗಿಸಿ ಬಂದು ಡಬ್ಬಿಯಲ್ಲಿ ಅರ್ಧ ಚಿತ್ರಾನ್ನ ತಿಂದು, ಉಪ್ಪು ಕಮ್ಮಿ ಆಂಟಿ ಅಂದಳು. ನಿಜವಾಗಿಯೂ ಕಮ್ಮಿಯಾಗಿತ್ತು.

ಆ ಪತ್ರಿಕೆಯವರು ನಮ್ಮಿಂದ ಅಂಕಿ ಕೊಳ್ಳುವುದನ್ನು ನಿಲ್ಲಿಸಲಿಲ್ಲ. ಓದಿದ ಮೇಲೆಯೇ ಕಳಿಸಬೇಕು ಎಂದು ಕ್ಯಾರೊಲ್ ಮರುದಿನವೇ ಹಳೆಯ ಕ್ರಮವನ್ನು ಮತ್ತೆ ಜಾರಿಗೆ ತಂದರು. ಶೀಟು ಈಗ ನಸ್ರೀನ್‌ಳ ಕೈಯಲ್ಲಿದೆ. ಮೊನ್ನೆ ಅವಳ ಮನೆಗೆ ಊಟಕ್ಕೆ ಹೋಗಿದ್ದಾಗ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಪ್ರತಿ ಸಾಲಿನ ಮುಂದೆ ಹೊಸ ಕಾಲಂ ಮಾಡಿದ್ದಾಳೆ: ಬರೆದವರು ಯಾರು, ತಪ್ಪಿದ್ದರೆ ಹೇಳಿದವರು ಯಾರು, ಯಾವಾಗ. ಉತ್ತರದ ಪ್ರಾಂತ್ಯದ ಸಾಲಿನಲ್ಲಿ ಹೀಗಿತ್ತು. ಬರೆದವರು: ಶಕುಂತಲಾ ಆಂಟಿ. ಹೇಳಿದವರು: ಶಕುಂತಲಾ ಆಂಟಿ. ಯಾವಾಗ: ಮೂವತ್ತೈದು ನಿಮಿಷ ತಡವಾಗಿ.

‘ಬೇಜಾರಾದ್ರೆ ಡಿಲೀಟ್ ಮಾಡ್ತೀನಿ ಆಂಟಿ’ ಅಂದಳು.

ಬೇಡ, ಅದು ಹಾಗೇ ಇರಲಿ ಅಂದೆ.